ತೋಟದ ಮನೆಗೆ ಇಂಟರ್ನೆಟ್: ಮೂರು ದಾರಿ, ಎರಡು ಮಳೆಗಾಲ

ನಮ್ಮ ಮನೆ ಮಾದಾಪುರದ ಕಡೆ. ರಸ್ತೆಯಿಂದ ಸುಮಾರು ಒಂದೂವರೆ ಕಿಲೋಮೀಟರ್ ಒಳಗೆ, ಕಾಫಿ ತೋಟದ ಮಧ್ಯೆ. ಮಗಳು ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆ ಎಂದು ಬಂದಳು. ಆಗ ಶುರುವಾಯಿತು ನಮ್ಮ ಹುಡುಕಾಟ. 4ಜಿ ರೂಟರ್, ಗುಡ್ಡದಿಂದ ಗುಡ್ಡಕ್ಕೆ ಡಿಶ್, ಕೊನೆಗೆ ಫೈಬರ್, ಅಂದರೆ ಬೆಳಕಿನ ಮೂಲಕ ಇಂಟರ್ನೆಟ್ ತರುವ ಗಾಜಿನ ಎಳೆಯ ತಂತಿ. ಬೇಸಿಗೆಯಲ್ಲಿ ಮೂರೂ ಚೆನ್ನಾಗಿವೆ. ಕೊಡಗಿನಲ್ಲಿ ನೋಡಬೇಕಾದ್ದು ಜುಲೈ ತಿಂಗಳಲ್ಲಿ, ಅಲ್ವಾ?

ಮೊದಲು ಹಾಕಿದ್ದು 4ಜಿ ರೂಟರ್. ಮನೆಯೊಳಗೆ ಒಂದೇ ಕಡ್ಡಿ ಸಿಗ್ನಲ್. ಮಾಡಿನ ಮೇಲೆ ಪೈಪ್ ನಿಲ್ಲಿಸಿ, ಟವರ್ ಕಡೆ ಮುಖ ಮಾಡಿ ಆಂಟೆನಾ ಕಟ್ಟಿದ ಮೇಲೆ ಬೆಳಗ್ಗೆ 10–12 ಎಂಬಿಪಿಎಸ್ ವೇಗ ಬಂತು. ಸಂಜೆ ಊರವರೆಲ್ಲ ಫೋನ್ ಹಿಡಿದಾಗ ಅದೇ 2ಕ್ಕೆ ಇಳಿಯುತ್ತಿತ್ತು. ಒಂದೇ ಟವರನ್ನು ಎಲ್ಲರೂ ಹಂಚಿಕೊಳ್ಳುವಾಗ ಇದು ಸಹಜ. ನಮಗೆ ನಿಜವಾಗಿ ಕಷ್ಟವಾದದ್ದು ಕರೆಂಟ್. ಎರಡು ದಿನ ಕರೆಂಟ್ ಇಲ್ಲದಿದ್ದರೆ ಟವರಿನ ಬ್ಯಾಟರಿ ಮುಗಿದು ಅದೂ ಮಲಗುತ್ತದೆ. ನಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ಏನೂ ಪ್ರಯೋಜನವಿಲ್ಲ.

ಆಮೇಲೆ ಡಿಶ್. ಎದುರು ಗುಡ್ಡದ ಮನೆಯವರು ತಮ್ಮ ಲೈನನ್ನು ಹಂಚಿಕೊಳ್ಳಲು ಒಪ್ಪಿದರು. ಎರಡೂ ಕಡೆ 5 ಗಿಗಾಹರ್ಟ್ಸ್ ರೇಡಿಯೋ. ಇದಕ್ಕೆ ಒಂದು ಡಿಶ್ ಇನ್ನೊಂದಕ್ಕೆ ನೇರವಾಗಿ ಕಾಣಬೇಕು. ಮೇ ತಿಂಗಳಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ, ಮುಗಿದಿತ್ತು, ಆಚೆ ಗುಡ್ಡ ಸ್ಪಷ್ಟವಾಗಿ ಕಾಣುತ್ತಿತ್ತು, 40 ಎಂಬಿಪಿಎಸ್ ಬಂತು. ಮಗಳ ಖುಷಿ ನೋಡಬೇಕಿತ್ತು. ಮಳೆ ಹಿಡಿಯಿತು, ಸಿಲ್ವರ್ ಓಕ್ ಚಿಗುರಿತು. ಒದ್ದೆ ಎಲೆ ಈ ತರಂಗಗಳನ್ನು ಚೆನ್ನಾಗಿ ಹೀರುತ್ತದೆ. ಆಗಸ್ಟ್ ಹೊತ್ತಿಗೆ 6ಕ್ಕೆ ಇಳಿಯಿತು. ಗಾಳಿ ಬೀಸಿ ಕೊಂಬೆ ಅಲ್ಲಾಡಿದರೆ ಮೀಟಿಂಗ್ ಮಧ್ಯದಲ್ಲೇ ಮುಖ ನಿಂತುಬಿಡುತ್ತಿತ್ತು. ಮಧ್ಯೆ ತೋಟವಿಲ್ಲದೆ ಗದ್ದೆ ಬಯಲು ಇರುವ ಮನೆಗಳಿಗೆ ಡಿಶ್ ಈಗಲೂ ಒಳ್ಳೆಯದೇ ಎನ್ನುತ್ತೇನೆ. ನಮ್ಮಂಥ ನೆರಳಿನ ತೋಟಕ್ಕೆ ಬೇಡ.

ಫೈಬರ್‌ಗೆ ಜಾಸ್ತಿ ಓಡಾಡಬೇಕಾಯಿತು. ದೇಶದ ಗ್ರಾಮ ಪಂಚಾಯಿತಿಗಳಿಗೆಲ್ಲ ಫೈಬರ್ ಎಳೆಯುವ ಯೋಜನೆಗೆ 2011ರಲ್ಲೇ ಒಪ್ಪಿಗೆ ಸಿಕ್ಕಿತ್ತು. ಭಾರತ್‌ನೆಟ್ ಅನ್ನುವುದು ಅದಕ್ಕೇ. ಆದರೆ ಪಂಚಾಯಿತಿ ಕಟ್ಟಡದವರೆಗೆ ಬಂದ ತಂತಿ ತೋಟದ ಮನೆಗೆ ತಾನಾಗಿ ನಡೆದು ಬರುವುದಿಲ್ಲ. ನಾವು ಕೇಳಿದ ಕಂಪನಿಯವರು, ಒಂದು ಮನೆಗಾಗಿ ಇಷ್ಟು ದೂರ ಎಳೆಯಲ್ಲ ಎಂದರು. ಪಕ್ಕದ ತೋಟದ ಅಣ್ಣ ಮನೆಮನೆ ತಿರುಗಿ ಆರು ಮನೆಯವರನ್ನು ಸೇರಿಸಿದರು. ಆಮೇಲೆ ಬಂದರು. ಈಗ 100 ಎಂಬಿಪಿಎಸ್, ಸಂಜೆಯೂ ಅಷ್ಟೇ.

ಫೈಬರ್ ತುಂಡಾಗುವುದಿಲ್ಲ ಅಂತಲ್ಲ. ಕಳೆದ ಜುಲೈಯಲ್ಲಿ ಹಲಸಿನ ಕೊಂಬೆ ಬಿದ್ದು ಲೈನ್ ಹೋಯಿತು. ಮನೆಯೊಳಗಿನ ಫೈಬರ್ ಮೋಡೆಮ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ಕೆಂಪು ದೀಪ ಮಿಣುಕಿದರೆ ಬೆಳಕು ಬರುತ್ತಿಲ್ಲ ಎಂದು ಅರ್ಥ. ರಿಪೇರಿ ಹುಡುಗ ನಾಲ್ಕನೇ ದಿನ ಬಂದ. ಜೀಪಿನ ಹಿಂದೆ ಟಾರ್ಪಾಲ್ ಕಟ್ಟಿ, ಅದರಡಿ ಕೂತು, ಕೂದಲಿನಷ್ಟು ಸಣ್ಣ ಗಾಜಿನ ಎಳೆಯ ಎರಡು ತುದಿಯನ್ನು ಮೆಷಿನ್ನಿನಲ್ಲಿ ಬೆಸೆದ. ಕೈ ಒದ್ದೆಯಾಗದ ಹಾಗೆ ಪದೇ ಪದೇ ಒರೆಸಿಕೊಳ್ಳುತ್ತಿದ್ದ. ಮುಗಿದ ಮೇಲೆ, ಬರುವ ಬೆಳಕಿನ ಬಲ ಅಳೆಯುವ ಮೀಟರ್ ತೋರಿಸಿದ: ಮೈನಸ್ 21 ಡಿಬಿಎಂ. ‘ಮೈನಸ್ 27ಕ್ಕಿಂತ ಕೆಳಗೆ ಹೋದರೆ ಲೈನ್ ಬಿಟ್ಟುಬಿಟ್ಟು ಬರುತ್ತೆ ಸರ್, ಆಗ ಫೋನ್ ಮಾಡಿ’ ಎಂದ. ಈ ಸಂಖ್ಯೆಯನ್ನು ನಿಮ್ಮ ಮನೆಯ ಲೈನ್‌ಗೂ ಕೇಳಿ ಬರೆದಿಟ್ಟುಕೊಳ್ಳಿ. ತಕರಾರು ಹೇಳುವಾಗ ‘ಸ್ಲೋ ಇದೆ’ ಅನ್ನುವುದಕ್ಕಿಂತ ಇದು ಬೇಗ ಕೆಲಸ ಮಾಡಿಸುತ್ತದೆ.

ಸಿಡಿಲಿನ ವಿಷಯದಲ್ಲೂ ಫೈಬರ್ ವಾಸಿ. ಹಳೆಯ ತಾಮ್ರದ ಫೋನ್ ಲೈನಿನಲ್ಲಿ ನಮ್ಮ ಎರಡು ಮೋಡೆಮ್ ಸುಟ್ಟಿದ್ದವು. ಗಾಜಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಕರೆಂಟಿನ ಪ್ಲಗ್ಗಿನಿಂದ ಬರಬಹುದು, ಹಾಗಾಗಿ ಗುಡುಗು ಶುರುವಾದರೆ ಅಡಾಪ್ಟರ್ ಕಿತ್ತಿಡುತ್ತೇವೆ. ಆಗ ಪೆಟ್ಟಿಗೆ 12 ವೋಲ್ಟಿನ ಸಣ್ಣ ಯುಪಿಎಸ್‌ನಲ್ಲಿ ನಡೆಯುತ್ತದೆ.

4ಜಿ ರೂಟರ್ ಮಾರಿಲ್ಲ. ಲೈನ್ ಕಡಿದ ಆ ನಾಲ್ಕು ದಿನ ಮಗಳ ಕೆಲಸ ನಡೆದದ್ದು ಅದರಿಂದಲೇ. ಈ ಸಲದ ಮರಗಸಿಯಲ್ಲಿ ಆರೂ ಮನೆಯವರು ಸೇರಿ, ತಂತಿ ಹೋಗುವ ದಾರಿಯ ಕೊಂಬೆಗಳನ್ನೇ ಮೊದಲು ಕಡಿಸಿದೆವು. ಮುಂದಿನ ವಾರ ತೋಟದ ಕಾರ್ಮಿಕರಿರುವ ಲೈನ್ ಮನೆಗಳ ಕಡೆಗೂ ಒಂದು ವೈಫೈ ಪೆಟ್ಟಿಗೆ ಹಾಕಿಸುತ್ತಿದ್ದೇವೆ. ಅಲ್ಲಿನ ಮಕ್ಕಳು ಪಾಠದ ವಿಡಿಯೋ ನೋಡಲು ಇಷ್ಟು ದಿನ ನಮ್ಮ ಜಗಲಿಗೆ ಬರುತ್ತಿದ್ದರು.