ಹಿಮದ ಸ್ಕೂಟರ್, ನೀರಿನ ಸ್ಕೂಟರ್, ಗುಡ್ಡದ ಎಟಿವಿ: ಬೆರಳು ಬಿಟ್ಟರೆ ಏನಾಗುತ್ತದೆ?

ಬೆಳಗಾವಿಯವರಿಗೆ ಗೋವಾ ದೂರದ ಊರಲ್ಲ. ಬೆಳಿಗ್ಗೆ ಚೋರ್ಲಾ ಘಾಟ್ ಇಳಿದರೆ ಮಧ್ಯಾಹ್ನದ ಊಟ ಅಲ್ಲೇ. ಹಾಗಾಗಿ ಕಲಂಗುಟ್‌ನಲ್ಲೋ ಬಾಗಾದಲ್ಲೋ ಜೆಟ್ ಸ್ಕೀ ಹತ್ತಿ ಬಂದವರು ನಮ್ಮ ಓಣಿಯಲ್ಲೇ ಬೇಕಾದಷ್ಟು ಸಿಗುತ್ತಾರೆ. ರೆಸಾರ್ಟುಗಳ ದೆಸೆಯಿಂದ ಕೆಸರು ಗುಡ್ಡಗಳಲ್ಲಿ ಓಡಿಸುವ ನಾಲ್ಕು ಗಾಲಿಯ ಎಟಿವಿಯೂ ಈಗ ಹೊಸದಲ್ಲ. ಕಾಶ್ಮೀರಕ್ಕೆ ಹೋಗಿಬರುವವರು ಹೆಚ್ಚಾದ ಮೇಲೆ ಈ ಸಾಲಿಗೆ ಮೂರನೆಯದೂ ಸೇರಿಕೊಂಡಿದೆ, ಸ್ನೋಮೊಬೈಲ್. ಗುಲ್ಮಾರ್ಗದಲ್ಲಿ ಸ್ನೋ ಸ್ಕೂಟರ್ ಅಂತಲೋ ಸ್ನೋ ಬೈಕ್ ಅಂತಲೋ ಕೂಗಿ ಕರೆಯುತ್ತಾರೆ. "ಅಷ್ಟು ದೂರ ಹೋಗಿ ಹಿಮದಾಗ ಗಾಡಿ ಹೊಡೆಯೂದು, ಗೋವಾದಾಗ ಸಿಗಲಾರದ್ದು ಏನ್ ಕೊಡ್ತೈತ್ರಿ?" ಎಂದು ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೂರನ್ನೂ ಹ್ಯಾಂಡಲ್ ಹಿಡಿದು ಓಡಿಸಿ ನೋಡಿದ್ದೇನೆ. ಮಜಾದ ಮಾತಾದರೆ ಹಿಮದ ಗಾಡಿಯೇ ಮೊದಲು, ಎರಡನೆಯದು ಅದರಿಂದ ಬಹಳ ಹಿಂದೆ. ಅಪಾಯದ ಲೆಕ್ಕ ಮಾತ್ರ ಇಷ್ಟು ಸರಳ ಇಲ್ಲ.

ಬಾಡಿಗೆಗೆ ಸಿಗುವ ಈ ಗಾಡಿಗಳಿಗೆ ಸಾಮಾನ್ಯವಾಗಿ ಗೇರ್, ಕ್ಲಚ್‌ಗಳ ತಾಪತ್ರಯ ಇರುವುದಿಲ್ಲ. ಆಕ್ಟಿವಾ ಓಡಿಸಿದ ಕೈಗೆ ಎಲ್ಲವೂ ಬೇಗ ಒಗ್ಗುತ್ತವೆ. ಒಂದೇ ಫರಕು: ಎಕ್ಸಲೇಟರ್ ತಿರುವುವಂಥದ್ದಲ್ಲ, ಬೆರಳಿನಿಂದ ಒತ್ತುವ ಲಿವರ್. ಅದಕ್ಕೆ ಕಾರಣವೂ ಇದೆ. ಇವುಗಳ ಮೇಲೆ ಮೈ ಹಿಂದೆ ಮುಂದೆ ಎಗರುತ್ತಲೇ ಇರುತ್ತದೆ. ತಿರುವುವ ಎಕ್ಸಲೇಟರ್ ಇದ್ದರೆ ಹಿಂದಕ್ಕೆ ಜಗ್ಗಿದಾಗ ನಮಗೆ ಗೊತ್ತಿಲ್ಲದೆ ತೆರೆದುಕೊಂಡು ಗಾಡಿ ಇನ್ನೂ ಜೋರಾಗಿ ನುಗ್ಗುತ್ತದೆ. ಲಿವರ್ ಆದರೆ ಬೆರಳು ತೆಗೆದರೆ ಮುಗಿಯಿತು. ಮುಗಿಯಿತೇ? ಹೆದರಿಕೆಯಾದಾಗ ಮನುಷ್ಯ ಮೊದಲು ಮಾಡುವ ಕೆಲಸ ಬೆರಳು ತೆಗೆಯುವುದು. ಆ ಗಳಿಗೆಯಲ್ಲಿ ಗಾಡಿ ಏನು ಮಾಡುತ್ತದೆ ಅನ್ನುವುದರ ಮೇಲೆಯೇ ನಾನು ಮೂರನ್ನೂ ತೂಗುತ್ತೇನೆ.

ಗೋವಾದ್ದು ಮೊದಲು. ಜೆಟ್ ಸ್ಕೀ ಅಡಿಯಿಂದ ನೀರು ಎಳೆದುಕೊಂಡು ಹಿಂದಿನ ನಳಿಕೆಯಿಂದ ರಭಸವಾಗಿ ಹೊರಗೆ ಬಿಡುತ್ತದೆ. ಹ್ಯಾಂಡಲ್ ತಿರುಗಿಸಿದರೆ ತಿರುಗುವುದು ಆ ನಳಿಕೆ. ಅಂದರೆ ನೀರು ಹಾರುತ್ತಿದ್ದರೆ ಮಾತ್ರ ಗಾಡಿ ನಮ್ಮ ಮಾತು ಕೇಳುತ್ತದೆ. ಎದುರಿಗೆ ಬೋಟೋ ಈಜುವವರೋ ಕಂಡು ಗಾಬರಿಯಿಂದ ಬೆರಳು ಬಿಟ್ಟು ಹ್ಯಾಂಡಲ್ ಎಷ್ಟು ತಿರುವಿದರೂ ಅದು ನೆಟ್ಟಗೇ ಹೋಗುತ್ತದೆ. ತಪ್ಪಿಸಿಕೊಳ್ಳಬೇಕಾದರೆ ಎಕ್ಸಲೇಟರ್ ಸ್ವಲ್ಪ ಒತ್ತಿಯೇ ತಿರುಗಿಸಬೇಕು. ಕಾಲೇಜ್ ರೋಡಿನಲ್ಲಿ ಗಾಡಿ ಕಲಿತ ಬುದ್ಧಿಗೆ ಇದು ಪೂರಾ ಉಲ್ಟಾ. ಬ್ರೇಕ್ ಇರುವ ಜೆಟ್ ಸ್ಕೀಗಳೂ ಇವೆ, ಸೀ-ಡೂ ಹೆಸರಿನ ಗಾಡಿಗಳಲ್ಲಿ 2009ರಲ್ಲಿ ಬಂತು. ನಾನು ಹತ್ತಿದ್ದಕ್ಕೆ ಇರಲಿಲ್ಲ.

ಆದರೆ ಹಿಂದೆ ಆಪರೇಟರ್ ಕೂತಿರುತ್ತಾನೆ, ಅವನ ಕೈ ನಮ್ಮ ಕೈ ಪಕ್ಕದಲ್ಲೇ ಇರುತ್ತದೆ, ಮೈಮೇಲೆ ಲೈಫ್ ಜಾಕೆಟ್. ಬಿದ್ದರೂ ಬೆಚ್ಚಗಿನ ನೀರಿಗೆ ಬೀಳುತ್ತೇವೆ. ಹಿಂದಕ್ಕೆ, ನಳಿಕೆಯ ನೇರಕ್ಕೆ ಬೀಳುವುದು ಮಾತ್ರ ಕೆಟ್ಟದ್ದು: ಆ ಒತ್ತಡದ ನೀರು ದೇಹದ ಒಳಗೆ ನುಗ್ಗಿ ಗಾಯ ಮಾಡಬಲ್ಲದು. ಅದಕ್ಕೇ ತಯಾರಕರು ವೆಟ್‌ಸೂಟಿನ ದಪ್ಪ ಚಡ್ಡಿ ಹಾಕಿಕೊಳ್ಳಿ ಅನ್ನುತ್ತಾರೆ. ನಮ್ಮ ಬೀಚುಗಳಲ್ಲಿ ಅದನ್ನು ಹಾಕಿಕೊಂಡವರನ್ನು ನಾನಂತೂ ನೋಡಿಲ್ಲ. ಮಜಾ? ಅಲೆ ಮೇಲೆ ಎಗರಿದಾಗ ಹೊಟ್ಟೆಯಲ್ಲಿ ಕಚಗುಳಿ, ಬಾಯಿ ತುಂಬ ಉಪ್ಪು. ಇನ್ನೇನು ಕೈ ಕುದುರಿತು ಅನ್ನುವಷ್ಟರಲ್ಲಿ ದಂಡೆಗೆ ತಂದು ಇಳಿಸಿಬಿಡುತ್ತಾರೆ.

ಎಟಿವಿ ಬಗ್ಗೆ ಉದ್ದ ಬರೆಯುವ ಮನಸ್ಸಿಲ್ಲ. ಕೆಸರಿನ ಟ್ರ್ಯಾಕಿನಲ್ಲಿ ಟೈರ್ ಸಾಲು ದಾಟುತ್ತ ಸುತ್ತು ಹಾಕುವುದು ಮಕ್ಕಳಿಗೆ ಖುಷಿ. ಬೆರಳು ಬಿಟ್ಟರೆ ಸಪಾಟು ನೆಲದಲ್ಲಿ ನಾಲ್ಕು ಗಾಲಿಯ ಮೇಲೆ ಸುಮ್ಮನೆ ನಿಲ್ಲುತ್ತದೆ, ಅಷ್ಟರ ಮಟ್ಟಿಗೆ ಮೂರರಲ್ಲಿ ಇದೇ ಸೌಮ್ಯ. ಆ ನಾಲ್ಕು ಗಾಲಿಯನ್ನು ನಂಬುವುದೇ ಇದರ ಅಪಾಯ. ಎತ್ತರದ ಗಾಡಿ, ಅಗಲ ಕಮ್ಮಿ. ಅಡ್ಡ ಇಳಿಜಾರಿನಲ್ಲಿ ಮಗುಚಿದರೆ ನೂರಾರು ಕಿಲೋ ಕಬ್ಬಿಣ ಎದೆ ಮೇಲೆ. ಮೂರು ಗಾಲಿಯವು ಇನ್ನೂ ಕೆಟ್ಟವಿದ್ದವು, ಅಮೆರಿಕದಲ್ಲಿ 1988ರಲ್ಲಿ ಅವುಗಳ ಮಾರಾಟವನ್ನೇ ನಿಲ್ಲಿಸಿದರು. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಫೋಟೋ ತೆಗೆಸಿಕೊಳ್ಳುವುದು ನಮ್ಮವರ ರೂಢಿ, ಆದರೆ ಹೆಚ್ಚಿನ ಎಟಿವಿಗಳು ಒಬ್ಬರಿಗೇ ಮಾಡಿದಂಥವು. ಹಿಂದಿನ ಭಾರ ಎತ್ತ ವಾಲಿತೋ ಗಾಡಿಯೂ ಅತ್ತ.

ಇನ್ನು ಹಿಮ.

ಶ್ರೀನಗರದಿಂದ ಟಂಗ್‌ಮಾರ್ಗ್‌ವರೆಗೆ ನಮ್ಮ ಕಾರು, ಅಲ್ಲಿಂದ ಮೇಲಿನ ಸುಮಾರು 13 ಕಿಲೋಮೀಟರ್ ಚೈನು ಸುತ್ತಿದ ಟೈರಿನ ಗಾಡಿ. ಗಮ್‌ಬೂಟು, ದಪ್ಪ ಕೋಟು ಬಾಡಿಗೆಗೆ ಸಿಗುತ್ತವೆ. ಡಿಸೆಂಬರಿನಲ್ಲಿ ಟಿಳಕವಾಡಿಯ ಚಳಿಗೇ ಸ್ವೆಟರ್ ಹುಡುಕುವ ನಾವು ಆ ಕೋಟಿನೊಳಗೆ ಹೊಕ್ಕರೂ ನಡುಗುತ್ತಿದ್ದೆವು. ಗುಲ್ಮಾರ್ಗ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ನಮಗೂ ಏದುಸಿರು, ಎಂಜಿನ್ನಿಗೂ ಏದುಸಿರು. ಅಷ್ಟು ತೆಳು ಗಾಳಿಯಲ್ಲಿ ಸಾಧಾರಣ ಎಂಜಿನ್ನಿನ ಶಕ್ತಿ ಸುಮಾರು ಕಾಲುಭಾಗ ಇಳಿದಿರುತ್ತದೆ.

ಇಳಿದರೂ ಏನೂ ಕೊರತೆ ಕಾಣಲಿಲ್ಲ. ನಮ್ಮ ಬುಲೆಟ್ 350ಕ್ಕೆ 20 ಅಶ್ವಶಕ್ತಿ. ಹೆಚ್ಚುಕಡಿಮೆ ಅಷ್ಟೇ ಅಥವಾ ಸ್ವಲ್ಪ ಹೆಚ್ಚು ತೂಕದ ಸ್ನೋಮೊಬೈಲಿಗೆ, 600 ಸಿಸಿ ವರ್ಗದ್ದಾದರೆ, ನೂರಕ್ಕೂ ಮಿಕ್ಕಿ. ಪ್ರವಾಸಿಗರಿಗೆ ಕೊಡುವವು ಅದಕ್ಕಿಂತ ಸಣ್ಣವು, ಆದರೂ ಮೊದಲ ಸಲ ಲಿವರ್ ಒತ್ತಿದಾಗ ಹಿಂದಿನ ರಬ್ಬರ್ ಪಟ್ಟಿ ಹಿಮ ಕಚ್ಚಿ, ಮೂತಿ ತುಸು ಮೇಲೆದ್ದು, ಬೆನ್ನು ಹಿಂದಕ್ಕೆ ಹೋಯಿತು. ಮುಂದೆ ಎರಡು ಸ್ಕೀ, ಹಿಂದೆ ಒಂದು ಪಟ್ಟಿ, ಗಾಲಿ ಎಂಬುದೇ ನೆಲಕ್ಕೆ ತಾಗುವುದಿಲ್ಲ. ಹೊಸದಾಗಿ ಬಿದ್ದ ಹಿಮದ ಮೇಲೆ ಹೋದಾಗ ಕೆಳಗೆ ನೆಲ ಇದೆ ಎಂಬುದೇ ಮರೆತುಹೋಗುತ್ತದೆ. ಕುಲುಕಾಟ ಇಲ್ಲ, ತೇಲಾಟ. ಅಂಥದ್ದು ಗೋವಾದಲ್ಲಿ ಎಷ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಹಾಗೆ ಓಡಿಸಲು ಸಿಗುವುದಕ್ಕೂ ಸ್ವಲ್ಪ ಜಗಳ ಬೇಕಾಯಿತು. ಆಪರೇಟರ್ ನಮ್ಮನೆಯವರ ಕೈಗೆ ಹ್ಯಾಂಡಲ್ ಕೊಟ್ಟು ನನಗೆ "ಭಾಭೀಜಿ, ಪೀಛೇ" ಅಂದ. ಮಾಮೂಲಿ ಪದ್ಧತಿಯಲ್ಲಿ ಆಪರೇಟರನೇ ಓಡಿಸುವುದು: ಪ್ರವಾಸಿಯನ್ನು ಹಿಂದೆ ಕೂರಿಸಿ ಒಂದು ಸುತ್ತು ಹೊಡೆಸಿ, ವಿಡಿಯೋ ಮಾಡಿ ಇಳಿಸುವುದು. ದರದ ಚೌಕಾಸಿ ಮಾಡುವಾಗಲೇ "ನಾನು ಓಡಿಸುತ್ತೇನೆ, ನೀವು ಹಿಂದೆ ಕೂತುಕೊಳ್ಳಿ" ಎಂದು ಮಾತಾಡಿಕೊಂಡರೆ ಒಪ್ಪುತ್ತಾರೆ. ಹೆಣ್ಣುಮಕ್ಕಳು ಇದನ್ನು ಗಟ್ಟಿ ದನಿಯಲ್ಲೇ ಹೇಳಬೇಕು.

ಬೆರಳು ಬಿಟ್ಟರೆ? ಸಪಾಟು ಜಾಗದ ಮೆತ್ತನೆ ಹಿಮದಲ್ಲಿ ಇದರಷ್ಟು ಒಳ್ಳೆಯ ಗಾಡಿ ಇಲ್ಲ. ಆಕ್ಟಿವಾದಲ್ಲಿರುವಂಥ ಬೆಲ್ಟೇ ಇಲ್ಲೂ ಶಕ್ತಿ ಸಾಗಿಸುವುದು. ಬೆರಳು ತೆಗೆದರೆ ಎಳೆತ ನಿಲ್ಲುತ್ತದೆ, ಪಟ್ಟಿಯ ಘರ್ಷಣೆಗೆ ಗಾಡಿ ಕೆಲವೇ ಮೀಟರಿನಲ್ಲಿ ನಿಂತುಬಿಡುತ್ತದೆ. ಜನ ಓಡಾಡಿ ಗಟ್ಟಿಯಾದ ಹಿಮದ ಕಥೆ ಬೇರೆ. ಅಲ್ಲಿ ಹ್ಯಾಂಡಲ್ ತಿರುಗುತ್ತದೆ, ಸ್ಕೀಗಳೂ ತಿರುಗುತ್ತವೆ, ಗಾಡಿ ಮಾತ್ರ ಮೊದಲಿನ ದಾರಿ ಬಿಡುವುದಿಲ್ಲ. ತಿರುವಿಗೆ ಮುಂಚೆಯೇ ಬೆರಳು ಸಡಿಲಿಸಿದರೆ ಭಾರ ಮುಂದಕ್ಕೆ ಬಂದು ಸ್ಕೀ ಅಡಿಯ ಲೋಹದ ಅಂಚು ಹಿಮ ಕಚ್ಚುತ್ತದೆ, ಆಗ ಒಳಗಡೆಗೆ ಮೈ ವಾಲಿಸಿದರೆ ತಿರುಗುತ್ತದೆ. ಜೆಟ್ ಸ್ಕೀಗೆ ಒತ್ತಿ ತಿರುಗಿಸಬೇಕು, ಇದಕ್ಕೆ ಬಿಟ್ಟು ತಿರುಗಿಸಬೇಕು. ಗೋವಾದ ಅನುಭವ ಇದೆ ಎಂದು ಧೈರ್ಯವಾಗಿ ಹತ್ತುವವರು ಇದೊಂದನ್ನು ನೆನಪಿಡಬೇಕು. ತಮಾಷೆಯೆಂದರೆ ಎರಡರ ಹುಟ್ಟಿನಲ್ಲೂ ಒಂದೇ ಕಂಪನಿಯ ಹೆಸರಿದೆ: ಕೆನಡಾದ ಕ್ವಿಬೆಕ್‌ನ ಬೊಂಬಾರ್ಡಿಯೇ 1959ರಲ್ಲಿ ಸ್ಕೀ-ಡೂ ಎಂಬ ಹಿಮದ ಗಾಡಿ ತಂದಿತು, 1968ರಲ್ಲಿ ಸೀ-ಡೂ ಎಂಬ ನೀರಿನ ಗಾಡಿ. ಕಂಪನಿ ಕಟ್ಟಿದ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯೇ ಅವರ ಎಳೆಯ ಮಗ 1934ರ ಚಳಿಗಾಲದಲ್ಲಿ, ಹಿಮ ತುಂಬಿದ ದಾರಿಯಲ್ಲಿ ಆಸ್ಪತ್ರೆಗೆ ಒಯ್ಯಲಾಗದೆ ತೀರಿಕೊಂಡ. ಮೋಜಿಗಿಂತ ಎಷ್ಟೋ ಮೊದಲು ಈ ಗಾಡಿಗೆ ಬೇರೆ ಕೆಲಸ ಇತ್ತು.

ಈಗಲೂ ಇದೆ. ನಮ್ಮ ಬೀದಿಯಲ್ಲಿ ಸಿಯಾಚಿನ್ ಕಂಡುಬಂದ ನಿವೃತ್ತ ಸುಬೇದಾರ್ ಕಾಕಾ ಒಬ್ಬರಿದ್ದಾರೆ. ಬೆಳಗಾವಿಯಲ್ಲಿ ಫೌಜಿ ಇಲ್ಲದ ಓಣಿ ಹುಡುಕುವುದು ಕಷ್ಟ ಬಿಡಿ. ನನ್ನ ವಿಡಿಯೋ ನೋಡಿ ಅವರು ಅಂದದ್ದು: "ನೋಡವಾ ತಂಗಿ, ನಮಗ ಈ ಸ್ಕೂಟರ್ ಅಂದ್ರ ಸೀಮಿಎಣ್ಣಿ ಡಬ್ಬಿ ಎಳಿಯೂ ಎತ್ತು ಇದ್ದಂಗ. ಅದರ ಮ್ಯಾಲೆ ಕುಂತು ಯಾರೂ ನಕ್ಕಿದ್ದು ನಾ ನೋಡಿಲ್ಲ. ಹಿಮದ ಕೆಳಗ ಬಿರುಕು ಎಲ್ಲಿ ಐತಿ ಅಂತ ಯಾರಿಗಿ ಗೊತ್ತು?"

ಹಿಮಕುಸಿತದ ಮಾತು ಬಂದರೆ ನಮ್ಮ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಸಿಕ್ಕಿ, ದಿನಗಟ್ಟಲೆ ಕಳೆದ ಮೇಲೂ ಉಸಿರಾಡುತ್ತಿದ್ದುದನ್ನು, ಫೆಬ್ರವರಿ 11ರಂದು ದಿಲ್ಲಿಯಲ್ಲಿ ಪ್ರಾಣ ಬಿಟ್ಟದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅದು ಎಲ್ಲ ಲೆಕ್ಕವನ್ನೂ ಮೀರಿದ ಸಂಗತಿ. ಸಾಮಾನ್ಯವಾಗಿ ಹಿಮದಡಿ ಹೂತವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಉಳಿಯುವ ಆಸೆ ಇರುತ್ತದೆ, ಆಮೇಲೆ ಅದು ಬಲು ಬೇಗ ಕುಸಿಯುತ್ತದೆ. ಹಾಗಾಗಿ ಪರ್ವತದಲ್ಲಿ ಸ್ನೋಮೊಬೈಲ್ ಓಡಿಸುವವರು ಸಂಕೇತ ಕಳಿಸುವ ಟ್ರಾನ್ಸ್‌ಸೀವರ್, ಚುಚ್ಚಿ ಹುಡುಕುವ ಉದ್ದ ಸಲಾಕೆ, ಸಲಿಕೆ ಮೂರನ್ನೂ ಮೈಮೇಲೆಯೇ ಒಯ್ಯುತ್ತಾರೆ. ಹೊರಗಿನ ನೆರವು ಬರುವವರೆಗೆ ಕಾಯುವಷ್ಟು ಹೊತ್ತು ಇರುವುದಿಲ್ಲ, ಜೊತೆಯವರೇ ಅಗೆದು ತೆಗೆಯಬೇಕು.

ಸದ್ದು ಮಾಡಿದರೆ ಹಿಮ ಕುಸಿಯುತ್ತದೆ ಎಂಬ ಸಿನಿಮಾ ನಂಬಿಕೆ ನಮ್ಮಲ್ಲಿದೆ. ಕುಸಿಯುವುದು ಕೂಗಿಗಲ್ಲ, ಭಾರಕ್ಕೆ. 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ, ಒಳಗೆ ಸಡಿಲಾದ ಪದರದ ಮೇಲೆ ಗಾಡಿ ಏರಿಸಿದರೆ ಇಡೀ ಹಾಸು ಜಾರಿ ಬರಬಹುದು. ಸ್ಕೀ ಮಾಡುವವನು ಬೆವರು ಸುರಿಸಿ ತಾಸುಗಟ್ಟಲೆ ಹತ್ತುವ ಜಾಗಕ್ಕೆ ಸ್ನೋಮೊಬೈಲ್ ನಿಮಿಷಗಳಲ್ಲಿ ಒಯ್ಯುತ್ತದೆ. ಯೋಚಿಸಲು ಸಿಗುವ ಹೊತ್ತೂ ಅಷ್ಟೇ ಕಮ್ಮಿ. ಅಮೆರಿಕ, ಕೆನಡಾಗಳಲ್ಲಿ ಕಡಿದಾದ ಗುಡ್ಡದ ಮೇಲೆ ಹಿಮದಲ್ಲಿ ಯಾರ ಗಾಡಿಯ ಗುರುತು ಹೆಚ್ಚು ಎತ್ತರಕ್ಕೆ ಹೋಗುತ್ತದೆ ಎಂದು ಪೈಪೋಟಿ ಮಾಡುತ್ತಾರೆ. ಅಲ್ಲಿ ಬೆರಳು ಬಿಟ್ಟರೆ ಗಾಡಿ ಹೂತು ನಿಲ್ಲುತ್ತದೆ, ಬಿಡದಿದ್ದರೆ ಮೇಲಿನ ಹಿಮ ಕೆಳಗೆ ಬರಬಹುದು. ಹಿಮಕುಸಿತಕ್ಕೆ ಸಿಕ್ಕು ಸಾಯುವವರಲ್ಲಿ ಸ್ನೋಮೊಬೈಲಿನವರ ಪಾಲು ಅಲ್ಲಿ ದೊಡ್ಡದು.

ಗುಲ್ಮಾರ್ಗದ ಪ್ರವಾಸಿ ಸವಾರಿಗೆ ಈ ಹೆದರಿಕೆಯನ್ನು ಹಾಗೇ ತಂದು ಅಂಟಿಸಬಾರದು. ನಮ್ಮನ್ನು ಓಡಿಸಲು ಬಿಟ್ಟದ್ದು ಕೆಳಗಿನ ಮೈದಾನದಲ್ಲಿ. ಅಪಾಯ ಮೇಲಿನ ಇಳಿಜಾರುಗಳದ್ದು. 2010ರ ಫೆಬ್ರವರಿ 8ರಂದು ಗುಲ್ಮಾರ್ಗದ ಮೇಲಿನ ಖಿಲನ್‌ಮಾರ್ಗ್‌ನಲ್ಲಿ ಹಿಮ ಕುಸಿದು ತರಬೇತಿಯಲ್ಲಿದ್ದ 17 ಯೋಧರು ತೀರಿಕೊಂಡರು. 2023ರ ಫೆಬ್ರವರಿ 1ರಂದು ಅಲ್ಲೇ ಅಫರ್ವತ್ ಶಿಖರದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯಿಂಗ್ ಮಾಡುವವರು ಸತ್ತರು. ಆಪರೇಟರ್ "ಮೇಲೆ ಒಳ್ಳೆ ಹಿಮ ಇದೆ, ಸ್ವಲ್ಪ ಜಾಸ್ತಿ ಕೊಡಿ" ಅಂದರೆ ಬೇಡ ಅನ್ನಿ.

ಮೈದಾನದಲ್ಲಿ ನನ್ನನ್ನು ಹೆದರಿಸಿದ್ದು ಜನ. ಕಟ್ಟಿಗೆಯ ಸ್ಲೆಡ್ಜ್ ಎಳೆಯುವವರು, ಕುದುರೆಗಳು, ಹಿಮದ ಉಂಡೆ ಎಸೆಯುತ್ತ ಅಡ್ಡ ಓಡುವ ಮಕ್ಕಳು, ಸೆಲ್ಫಿಗೆ ನಿಂತ ಮದುಮಕ್ಕಳು, ಇವರ ನಡುವೆಯೇ ಗಾಡಿ ಓಡಿಸಬೇಕು. ಮೋಡ ಮುಚ್ಚಿದರಂತೂ ನೆರಳೇ ಬೀಳದೆ ಎಲ್ಲ ಒಂದೇ ಬಿಳುಪಾಗಿ ತಗ್ಗು ದಿಣ್ಣೆ ಕಾಣುವುದಿಲ್ಲ. ಸವಾರ ಬಿದ್ದರೆ ಎಂಜಿನ್ ಕಟ್ ಮಾಡುವ ಹುರಿ ನನ್ನ ಗಾಡಿಯಲ್ಲಿ ಸುಮ್ಮನೆ ಜೋತಾಡುತ್ತಿತ್ತು. ಕೇಳಿ ಕೋಟಿಗೆ ಸಿಕ್ಕಿಸಿಕೊಂಡೆ. ಹೆಲ್ಮೆಟ್ಟೂ ಕೇಳಿದ ಮೇಲೆಯೇ ಬಂತು. ಗೋವಾದಲ್ಲಿ ಲೈಫ್ ಜಾಕೆಟ್ ಇಲ್ಲದೆ ಹತ್ತಿಸಲಿಲ್ಲ, ಇಲ್ಲಿ ಹೆಲ್ಮೆಟ್ ಇಲ್ಲದೆ ಹತ್ತಿಸಲು ಸಿದ್ಧರಿದ್ದರು. ಈ ಒಂದು ವಿಷಯದಲ್ಲಿ ಗೋವಾಕ್ಕೆ ಹೆಚ್ಚು ಅಂಕ.

ಸ್ಕೀಯಿಂಗ್ ಬಗ್ಗೆಯೂ ಕೇಳುತ್ತಾರೆ. ಕಾಲಿಗೆ ಕಟ್ಟಿಕೊಂಡು ನೋಡಿದೆ. ಅದಕ್ಕೆ ಬಿಡಲು ಬೆರಳೇ ಇಲ್ಲ, ನಿಲ್ಲುವುದನ್ನೇ ಮೊದಲು ಕಲಿಯಬೇಕು. ಬಿಡುವು ಇದ್ದವರು ಕಲಿಸುವವರನ್ನು ಹಿಡಿದು ಕಲಿಯಲಿ, ಒಂದು ಮಧ್ಯಾಹ್ನದ ಬಿಡುವಿನಲ್ಲಿ ಬಂದವರಿಗೆ ಬಿದ್ದೇಳುವುದೇ ಆಗುತ್ತದೆ.

ಹಾಗಾದರೆ ಯಾರಿಗೆ ಯಾವುದು? ಮನೆಯಲ್ಲಿ ಹತ್ತು ಹನ್ನೆರಡರ ಮಕ್ಕಳಿದ್ದರೆ ಮಕ್ಕಳ ಅಳತೆಯ ಸಣ್ಣ ಎಟಿವಿ, ಸಪಾಟು ಟ್ರ್ಯಾಕ್, ಒಂಟಿ ಸವಾರಿ. ಶನಿವಾರ ಹೋಗಿ ಭಾನುವಾರ ಬರುವವರಿಗೆ ಜೆಟ್ ಸ್ಕೀ. ಮಳೆಗಾಲದಲ್ಲಿ ಅದು ಬಂದ್ ಇರುತ್ತದೆ ಎಂಬುದು ಇಲ್ಲಿಯವರಿಗೆ ಗೊತ್ತೇ ಇದೆ. ಬರೀ ಸ್ನೋ ಸ್ಕೂಟರಿಗಾಗಿ ಗೋವಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ಶ್ರೀನಗರ ಎಂದು ಹೊರಡುವುದು ದುಬಾರಿ ಹುಚ್ಚು. ಕಾಶ್ಮೀರಕ್ಕೆ ಹೇಗೂ ಹೋಗುವವರು ಮಾತ್ರ ಬೇರೆ ಸವಾರಿಗಳ ದುಡ್ಡು ಉಳಿಸಿ ಇದಕ್ಕೆ ಹಾಕಿ, ಅದೂ ಬೆಳಿಗ್ಗೆ, ಜಾತ್ರೆ ಸೇರುವ ಮುಂಚೆ. ಹೊರಡುವ ಮುನ್ನ ಪ್ರವಾಸದ ವಿಮೆಯಲ್ಲಿ ಇಂಥ ಸವಾರಿ ಸೇರಿದೆಯೇ ನೋಡಿ, ಎಷ್ಟೋ ಪಾಲಿಸಿಗಳು ಹೊರಗಿಡುತ್ತವೆ.

ತಿಂಗಳನ್ನೂ ನೋಡಿಕೊಳ್ಳಿ. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗದಲ್ಲಿ ಹಿಮವೇ ಇರಲಿಲ್ಲ, ಬಂದವರು ಒಣ ಹುಲ್ಲು ನೋಡಿ ಹೋದರು. ನಾನಾದರೆ ಫೆಬ್ರವರಿಗೆ ಟಿಕೆಟ್ ಮಾಡಿಸುತ್ತೇನೆ. ಹಿಮ ಬೀಳದಿದ್ದರೆ ಸ್ನೋ ಸ್ಕೂಟರುಗಳು ನಿಂತೇ ಇರುತ್ತವೆ, ಓಡುವುದು ಎಟಿವಿ ಮಾತ್ರ. ಅದನ್ನು ಹತ್ತಲು ಅಷ್ಟು ದೂರ ಯಾಕೆ ಹೋಗಬೇಕು?