ಸೂಪರ್‌ನ್ಯಾಚುರಲ್: ಡೀನ್ ಮಾಡಿದ್ದು ಸರಿನಾ? ನಮ್ಮನೇಲಿ ಇನ್ನೂ ಜಗಳ

ಐದನೇ ಸೀಸನ್ನಿಗೆ ನಿಲ್ಸಿಬಿಡಿ ಅಂತ ಈ ಅಮೆರಿಕನ್ ಟೀವಿ ಸೀರೀಸ್ ನೋಡಿದೋರು ತುಂಬಾ ಜನ ಹೇಳ್ತಾರೆ, ನಾನು ಹಾಗೆ ಹೇಳಲ್ಲ. 2005ರಲ್ಲಿ ಶುರುವಾಗಿ 2020ಕ್ಕೆ ಮುಗಿದಿದ್ದು, 15 ಸೀಸನ್, 327 ಎಪಿಸೋಡು, ಮಧ್ಯೆ ಬೋರ್ ಹೊಡ್ಸೋದು ಬೇಕಾದಷ್ಟಿದೆ ನಿಜ, ಆದ್ರೆ ಕೊನೇದು ನೋಡ್ದೇ ಬಿಟ್ರೆ ಎರಡನೇ ಸೀಸನ್ನಲ್ಲಿ ಶುರುವಾದ ಲೆಕ್ಕ ಚುಕ್ತಾ ಆಗೋದೇ ಇಲ್ಲ. (ಕತೆ ಪೂರ್ತಿ ಒಡೆದು ಹೇಳಿದೀನಿ, ನೋಡ್ಬೇಕು ಅಂತಿರೋರು ಮುಂದೆ ಓದ್ಬೇಡಿ.)

ಡೀನ್, ಸ್ಯಾಮ್ ಅಂತ ಅಣ್ಣ ತಮ್ಮ, 1967ರ ಕಪ್ಪು ಇಂಪಾಲಾ ಕಾರಲ್ಲಿ ಅಮೆರಿಕ ಸುತ್ತಿ ದೆವ್ವ ಭೂತ ಹೊಡೀತಾರೆ. ಮೊದಲೆರಡು ಸೀಸನ್ ನಮ್ಮ ಮಲೆನಾಡಿನೋರಿಗೆ ಹೇಳಿ ಮಾಡ್ಸಿದಂಗಿದೆ. ಉಪ್ಪಿನ ಗೆರೆ ಎಳೆದ್ರೆ ದೆವ್ವ ದಾಟಲ್ಲ, ಕಬ್ಬಿಣ ತಾಗಿದ್ರೆ ಮಾಯ ಆಗುತ್ತೆ. ಉಪ್ಪು ಮೆಣಸಿನಕಾಯಿ ನೀವಾಳ್ಸಿ ಒಲೆಗೆ ಹಾಕೋ, ಬಾಣಂತಿ ದಿಂಬಿನಡಿ ಕತ್ತಿ ಇಡೋ ಮನೆಯೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನಾಲ್ಕು ದಾರಿ ಕೂಡೋ ಕಡೆ ಪೆಟ್ಟಿಗೆ ಹೂತು ದೆವ್ವಕ್ಕೆ ಆತ್ಮ ಮಾರೋ ವ್ಯಾಪಾರನೂ ಅಷ್ಟೇ, ಕೂಡುರಸ್ತೇಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಕಂಡ್ರೆ ನಾವೂ ಬೈಕ್ ಪಕ್ಕಕ್ಕೆ ತಗೋತೀವಲ್ಲ.

ಹೊಸನಗರದ ಅಣ್ಣನ ಮನೇಲಿ ಮಳೆಗಾಲದಲ್ಲಿ ಕೂತು ನೋಡಿದ್ದು, ಕರೆಂಟ್ ಹೋದಾಗೆಲ್ಲ ಜಗಳ. ಸ್ಯಾಮ್ ಚಾಕು ತಿಂದು ಸತ್ತಾಗ ಡೀನ್ ತನ್ನ ಆತ್ಮ ಅಡ ಇಟ್ಟು ಅವನನ್ನ ಎಬ್ಬಿಸ್ತಾನೆ, ಬೇರೆಯೋರಿಗೆ ಸಾಯೋಕೆ ಹತ್ತು ವರ್ಷ ವಾಯಿದೆ ಸಿಗುತ್ತೆ, ಇವನಿಗೆ ಒಂದೇ ವರ್ಷ. ಚಿಕ್ಕಮ್ಮನ ಮಗ ಕಣ್ಣೊರೆಸ್ಕೊಳ್ತಿದ್ದ, ಅತ್ತಿಗೆ, "ಎಂತ ಪ್ರೀತಿ ಮಾರಾಯ? ಬದುಕ್ಸು ಅಂತ ತಮ್ಮ ಕೇಳಿದ್ನಾ? ಈಗ ಅಣ್ಣನ್ನ ಕೊಂದ ಪಾಪ ಅವನ ತಲೆಗೆ!" ಅಂದ್ರು. ಅಲ್ಲಿಂದ ಎರಡು ಪಾರ್ಟಿ ಆಯ್ತು ನೋಡಿ.

ಎಂಟನೇ ಸೀಸನ್ನಲ್ಲಿ ಚಿಕ್ಕಮ್ಮನ ಮಗನಿಗೆ ಅವಕಾಶ ಸಿಕ್ತು. ಡೀನ್ ಒಂದು ವರ್ಷ ಪರ್ಗೆಟರಿಲಿ, ಅಂದ್ರೆ ರಾಕ್ಷಸರು ಸತ್ಮೇಲೆ ಹೋಗೋ ಲೋಕದಲ್ಲಿ, ಅವರ ಮಧ್ಯೆ ಒದ್ದಾಡ್ತಿದ್ರೆ ಸ್ಯಾಮ್ ಹುಡುಕ್ಲೇ ಇಲ್ಲ, ಕಾರಿಗೆ ಸಿಕ್ಕ ಒಂದು ನಾಯಿ, ಅದಕ್ಕೆ ಔಷಧಿ ಕೊಟ್ಟ ಡಾಕ್ಟ್ರು, ಅವಳ ಜೊತೆ ಸಂಸಾರ. "ಅತ್ತಿಗೆ, ಇದಕ್ಕೆ ಎಂತ ಹೇಳ್ತೀರಿ ಈಗ?" ನನ್ನ ಪ್ರಕಾರ ಇಲ್ಲಿ ತಪ್ಪು ಸ್ಯಾಮ್‌ದಲ್ಲ, ಬರೆದೋರದ್ದು. ಸಾಕಾಗಿ ಕೈಬಿಟ್ಟ ಅನ್ನೋದನ್ನ ಒಂದು ಸೀನಲ್ಲಾದ್ರೂ ಸರಿಯಾಗಿ ತೋರಿಸ್ಬೇಕಿತ್ತು.

ಒಂಬತ್ತನೇ ಸೀಸನ್ನಿಗೆ ಅತ್ತಿಗೆ ಗೆದ್ರು. ಸಾಯೋಕೆ ಒಪ್ಕೊಂಡಿದ್ದ ಸ್ಯಾಮ್ ಮೈಯೊಳಗೆ ಅವನಿಗೆ ಮೋಸ ಮಾಡಿ ಗ್ಯಾಡ್ರಿಯಲ್ ಅನ್ನೋ ದೇವದೂತನನ್ನ ಬಿಡ್ಸಿದ್ದು ಇದೇ ಡೀನ್, ಆ ದೇವದೂತ ಸ್ಯಾಮ್ ಕೈಯಿಂದ್ಲೇ ಇವರ ಜೊತೇಲಿದ್ದ ಪಾಪದ ಹುಡುಗ ಕೆವಿನ್‌ನ ಕೊಂದ. ಚಿಕ್ಕಮ್ಮನ ಮಗ ಉಸಿರೆತ್ತಲಿಲ್ಲ.

ಆದ್ರೆ ಐದನೇ ಸೀಸನ್ ಕೊನೆ ವಿಷಯಕ್ಕೆ ಬಂದ್ರೆ ಅತ್ತಿಗೆ, ಚಿಕ್ಕಮ್ಮನ ಮಗ ಇಬ್ರೂ ಒಂದೇ ಪಾರ್ಟಿ. ಸೈತಾನ ಲೂಸಿಫರ್ ಸ್ಯಾಮ್ ಮೈಮೇಲೆ ಬಂದು ಡೀನ್‌ಗೆ ಮುಖ ಮೂತಿ ನೋಡ್ದೆ ಹೊಡೀತಿರ್ತಾನೆ, ಆಗ ಕಾರಿನ ಆಶ್‌ಟ್ರೇಲಿ ಸ್ಯಾಮ್ ಚಿಕ್ಕಂದಿನಲ್ಲಿ ಸಿಕ್ಕಿಸಿಟ್ಟ ಹಸಿರು ಪ್ಲಾಸ್ಟಿಕ್ ಸೈನಿಕ ಕಣ್ಣಿಗೆ ಬೀಳುತ್ತೆ, ಎತ್ತಿದ ಕೈ ಅಲ್ಲೇ ನಿಲ್ಲುತ್ತೆ. ಮಂತ್ರ ಇಲ್ಲ ಕತ್ತಿ ಇಲ್ಲ, ಒಂದು ಆಟದ ಸಾಮಾನು. ಸೀರೀಸ್ ಹುಟ್ಟುಹಾಕಿದ ಎರಿಕ್ ಕ್ರಿಪ್ಕಿ ಐದು ಸೀಸನ್ನಿಗೇ ಅಂತ ಕತೆ ಹೆಣೆದಿದ್ರು, ಅದು ಗೊತ್ತಾಗುತ್ತೆ.

ಕೊನೇ ಎಪಿಸೋಡಿಗೆ ಫ್ಯಾನ್ಸ್ ಬೈದಿದ್ದು ಅಷ್ಟಿಷ್ಟಲ್ಲ. ದೇವರನ್ನೇ ಸೋಲ್ಸಿದ ಡೀನ್ ಒಂದು ಕೊಟ್ಟಿಗೇಲಿ ರಕ್ತಪಿಶಾಚಿ ಜೊತೆ ಹೊಡೆದಾಡ್ತಾ ಕಬ್ಬಿಣದ ಕಂಬಿ ಚುಚ್ಚಿ ಸಾಯ್ತಾನೆ. ನಂಗೆ ಇದೇ ಸರಿ ಅನ್ಸಿದ್ದು. ನನ್ನ ವಾಪಸ್ ಎಬ್ಬಿಸ್ಬೇಡ, ಹೋಗ್ಬಹುದು ಅಂತ ನೀನೇ ಹೇಳು ಅಂತ ತಮ್ಮನ್ನ ಕೇಳ್ತಾನಲ್ಲ, ಎರಡನೇ ಸೀಸನ್ನಲ್ಲಿ ಅವನು ಸ್ಯಾಮ್‌ಗೆ ಕೊಡದೇ ಇದ್ದಿದ್ದು ಅದೇ. ಸ್ಯಾಮ್ ಹೇಳ್ತಾನೆ, ಯಾವ ಕೂಡುರಸ್ತೆಗೂ ಹೋಗಲ್ಲ.

ಕೆಟ್ಟಿದ್ದು ಅದಾದ್ಮೇಲೆ. ಸ್ಯಾಮ್ ಮುದುಕ ಆಗೋದಕ್ಕೆ ಹಾಕಿರೋ ಆ ಬಿಳಿ ವಿಗ್ ನೋಡಿ ಅಳು ಬರೋ ಜಾಗದಲ್ಲಿ ನಗು ಬಂತು, ನಮ್ಮೂರ ಯಕ್ಷಗಾನ ಮೇಳದೋರೇ ವಾಸಿ. ಇವರ ದೇವದೂತ ಗೆಳೆಯ ಕ್ಯಾಸ್ಟಿಯಲ್ ಅಂತೂ ಕೊನೇ ಸೀಸನ್ನಿನ ಹದಿನೆಂಟನೇ ಎಪಿಸೋಡಲ್ಲಿ ಡೀನ್‌ಗೆ ಪ್ರೀತಿ ಹೇಳ್ಕೊಂಡು ಹೋದೋನು ಕೊನೇಲಿ ಬರೀ, ಇವರಿಗೆ ಅಪ್ಪನ ಥರ ಇದ್ದ ಬಾಬಿ ಬಾಯಲ್ಲಿ ಹೆಸರಾಗಿ ಬರ್ತಾನೆ. ಕೋವಿಡ್‌ಗೆ ಶೂಟಿಂಗ್ ನಿಂತು ಆಮೇಲೆ ಮುಗಿಸಿದ್ದಂತೆ, ಇರ್ಲಿ, ಆದ್ರೂ ಹನ್ನೆರಡು ಸೀಸನ್ ಜೊತೇಲಿದ್ದೋನು.

ಟೈಮ್ ಇಲ್ಲ ಅನ್ನೋರು ಏಳನೇ ಸೀಸನ್ ಓಡಿಸ್ಕೊಂಡು ನೋಡಿ. ಹನ್ನೊಂದರಲ್ಲಿ ನಾಲ್ಕನೇದು, ಪೂರ್ತಿ ಇಂಪಾಲಾ ಒಳಗಿಂದ್ಲೇ ತೋರಿಸೋ ಎಪಿಸೋಡು, ಅದನ್ನ ಮಾತ್ರ ಬಿಡ್ಬೇಡಿ.