ಹಡಗಿನಲ್ಲಿ ದ್ವೀಪಯಾನ: ಲಕ್ಷದ್ವೀಪವೋ, ಅಂಡಮಾನೋ?

ಎರಡರ ನಡುವೆ ಆಯ್ಕೆ ಮಾಡುವವರು ಮೊದಲು ಮಳೆಗಾಲವನ್ನು ನೋಡಬೇಕು. ಅರಬ್ಬೀ ಸಮುದ್ರದ ಲಕ್ಷದ್ವೀಪಕ್ಕೆ ನೈಋತ್ಯ ಮುಂಗಾರಿನ ಹೊಡೆತ ಜೋರಾಗಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಗೆ ಹೊರಡುವುದು ಸೂಕ್ತವಲ್ಲ. ಅಕ್ಟೋಬರ್ ಮಧ್ಯದಿಂದ ಮೇ ಆರಂಭದವರೆಗಿನ ಅವಧಿ ಉತ್ತಮ. ಅಂಡಮಾನಿಗೆ ಮುಂಗಾರು, ಹಿಂಗಾರು ಎರಡೂ ಮಳೆ ತರುತ್ತವೆ, ಬಂಗಾಳ ಕೊಲ್ಲಿಯಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚಂಡಮಾರುತಗಳೂ ಏಳುತ್ತವೆ. ಆದ್ದರಿಂದ ಜನವರಿಯಿಂದ ಏಪ್ರಿಲ್‌ವರೆಗಿನ ತಿಂಗಳುಗಳನ್ನೇ ನಾನು ಸೂಚಿಸುತ್ತೇನೆ.

ಬಂದರುಗಳ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ಲಕ್ಷದ್ವೀಪದ ಹಡಗುಗಳು ಕೊಚ್ಚಿಯಿಂದ ಹೊರಡುತ್ತವೆ. ಕವರತ್ತಿ, ಕಲ್ಪೇನಿ, ಮಿನಿಕಾಯ್‌ಗಳನ್ನು ಸುತ್ತುವ ಪ್ರವಾಸದಲ್ಲಿ ರಾತ್ರಿ ಹಡಗಿನಲ್ಲೇ ಕಳೆದು, ಹಗಲು ದ್ವೀಪದಲ್ಲಿ ಇರಬಹುದು. ಆದರೆ ಹವಳದ ದಿಬ್ಬಗಳ ಕಾರಣದಿಂದ ದೊಡ್ಡ ಹಡಗು ಸಾಮಾನ್ಯವಾಗಿ ದೂರದಲ್ಲೇ ನಿಲ್ಲುತ್ತದೆ. ಅಲೆಗಳ ಮೇಲೆ ತೂಗುವ ಸಣ್ಣ ದೋಣಿಗೆ ಇಳಿಯಬೇಕಾಗುತ್ತದೆ. ಮಂಡಿನೋವಿರುವ ಹಿರಿಯರನ್ನು ಕರೆದೊಯ್ಯುವವರು ಇದನ್ನು ಖಂಡಿತ ಯೋಚಿಸಬೇಕು. ಪ್ರವೇಶ ಪರವಾನಗಿಯೂ ಕಡ್ಡಾಯ.

ಚೆನ್ನೈನಿಂದ ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯಪುರಂ) ಸುಮಾರು ಮೂರು ದಿನಗಳ ಪಯಣ. ಅಲ್ಲಿ ಹಡಗು ದಡಕ್ಕೇ ತಾಗುತ್ತದೆ, 1906ರಲ್ಲಿ ಪೂರ್ಣಗೊಂಡ ಸೆಲ್ಯುಲರ್ ಜೈಲು ಊರಿನಲ್ಲೇ ಇದೆ, ಸ್ವರಾಜ್ ದ್ವೀಪಕ್ಕೆ ಫೆರಿಗಳಿವೆ.

ರಜೆ ಒಂದು ವಾರಕ್ಕಿಂತ ಕಡಿಮೆಯಿದ್ದರೆ ಲಕ್ಷದ್ವೀಪವೇ ಸರಿ. ಅಂಡಮಾನಿಗೆ ಒಂದು ಕಡೆಯಾದರೂ ವಿಮಾನದಲ್ಲಿ ಹೋಗುವುದು ಒಳ್ಳೆಯದು.